ಹೆರಿಗೆ ಮಂಚ ಹರಾಜಿಗಿಟ್ಟು ಬಜೆಟ್ ಸರಿದೂಗಿಸುವವರಿಗೆ

ಖಜಾನೆಯ ಹೊಣೆ ಹೊತ್ತ ಮಾನ್ಯ ಮಂತ್ರಿಗಳೇ,

ಯುದ್ಧ ನಡೆಯುತ್ತಿರುವಾಗಲೇ ಈ ವರ್ಷದ ಬಜೆಟ್ಟನ್ನು ಒಂದು ಪೈಸೆ ಖೋತಾ ಇಲ್ಲದೆ ಸರಿದೂಗಿಸಿ ತೋರಿಸುತ್ತೇನೆ ಎಂದು ತಾವು ಹಲಸೂರಿನಲ್ಲಿ ವೇದಿಕೆಯ ಮೇಲೆ ನಿಂತು ಹೇಳಿದಿರಿ. ಹೊಸ ತೆರಿಗೆಯಿಲ್ಲ, ಸಾಲವಿಲ್ಲ, ಜನಸಾಮಾನ್ಯರಿಗೆ ಕಿಂಚಿತ್ತೂ ತೊಂದರೆಯಿಲ್ಲ, ಜವಾನರ ನಿಧಿಗೆ ಮಾತ್ರ ಧಾರಾಳ ಎಂದಿರಿ. ಆ ಮಾತು ಸುಳ್ಳು. ಲೆಕ್ಕ ಸರಿದೂಗಿಸಲು ತಮ್ಮ ಇಲಾಖೆ ಕೈಹಾಕಿದ್ದು ಜೋಗುಪಾಳ್ಯದ ನಮ್ಮ ಬೀದಿಯ ಸರ್ಕಾರಿ ಹೆರಿಗೆ ಆಸ್ಪತ್ರೆಗೆ. ಅದರ ಬಾಗಿಲಿಗೆ ಬೀಗ ಬಿದ್ದಿದೆ, ಮಂಚಗಳು ಹರಾಜಿಗೆ ಕಾಯುತ್ತಿವೆ. ಎದುರಿಗಿರುವ ನನ್ನ ವಠಾರದಲ್ಲಿ, ಕಾರ್ಗಿಲ್ ಕಡೆ ಹೋಗಿರುವ ಒಬ್ಬ ಸಿಪಾಯಿಯ ಹೆಂಡತಿ ತುಂಬಿದ ಬಸುರಿ ಕುಳಿತಿದ್ದಾಳೆ. ಅವಳು ಎಲ್ಲಿ ಹೆರಬೇಕು ಎನ್ನುವುದು ತಮ್ಮ ಆಯವ್ಯಯದ ಯಾವ ಪುಟದಲ್ಲಿದೆ ಎಂದು ತಿಳಿಸಿದರೆ ಉಪಕಾರವಾದೀತು.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಜೋಗುಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲಿದ್ದ ಮನೆತನದವನು. ನಮ್ಮಪ್ಪ ಕೆರೆಯ ಹಿಂದಿನ ತುಂಡು ಹೊಲದಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆದು ದಂಡಿನ, ಅಂದರೆ ಕಂಟೋನ್ಮೆಂಟಿನ, ಮಾರ್ಕೆಟ್ಟಿಗೆ ತಲೆಯ ಮೇಲೆ ಹೊರುತ್ತಿದ್ದರು. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ವಠಾರವಾಯಿತು, ಈಗ ಬಾಡಿಗೆಯಲ್ಲಿ ನನ್ನ ಜೀವನ. ಆದರೆ ಬಜೆಟ್ ಎಂಬುದು ನನಗೆ ಪೂರ್ತಿ ಹೊಸದಲ್ಲ. ಊರಿನ ದೇವಿಗೆ ವರ್ಷಕ್ಕೊಮ್ಮೆ ಆರತಿ ಎತ್ತುವಾಗ ನಾವು ಇವತ್ತಿಗೂ ಮನೆಮನೆಯಿಂದ ವಂತಿಗೆ ಎತ್ತುತ್ತೇವೆ. ಗುಡಿಯ ಜಗಲಿಯ ಮೇಲೆ ಎಲ್ಲರೂ ಕೂತು ಯಾರ ಮನೆಯಿಂದ ಎಷ್ಟು ಎಂದು ಬಾಯಿಬಿಟ್ಟು ಹೇಳುತ್ತೇವೆ. ಜಗಳವಾಗುತ್ತದೆ, ಒಬ್ಬಿಬ್ಬರು ಟವೆಲ್ಲು ಕೊಡವಿಕೊಂಡು ಎದ್ದು ಹೋಗುತ್ತಾರೆ, ಮತ್ತೆ ಬರುತ್ತಾರೆ. ಸಾಲದೆ ಹೋದರೆ ತಮಟೆಯವರಲ್ಲಿ ಇಬ್ಬರನ್ನು ಕಡಿಮೆ ಮಾಡುತ್ತೇವೆ. ಇನ್ನೊಂದು ಕಟ್ಟಳೆಯಿದೆ. ಬಸುರಿ, ಬಾಣಂತಿ ಇರುವ ಮನೆಯ ಬಾಗಿಲಿಗೆ ವಂತಿಗೆ ಕೇಳಲು ಹೋಗುವುದಿಲ್ಲ. ಅವರಾಗಿ ಕೊಡಲು ಬಂದರೂ ಮುಟ್ಟುವುದಿಲ್ಲ. ಇದು ಯಾವ ಕಾಲದ ಕಟ್ಟಳೆಯೋ ನನಗೆ ತಿಳಿಯದು, ನಮ್ಮಪ್ಪನೂ ಹೀಗೇ ಮಾಡುತ್ತಿದ್ದರು.

ತಾವು ಓದಿದವರು, ಜಗಲಿಯ ಮೇಲೆ ಕೂರುವ ಅಗತ್ಯ ತಮಗಿಲ್ಲ. ಯಾರ ಮನೆಯಿಂದ ಎಷ್ಟು ಎಂದು ತಾವು ಹೇಳಲೇ ಇಲ್ಲ. ಯಾರೂ ಏನೂ ಕೊಡಬೇಕಾಗಿಲ್ಲ, ಆದರೂ ಎಲ್ಲ ಸಾಂಗವಾಗಿ ನಡೆಯುತ್ತದೆ ಎಂದಿರಿ. ಶಾಂತಿಯ ವರ್ಷಗಳಲ್ಲಿ ಒಮ್ಮೆಯೂ ಸರಿಹೋಗದ ಲೆಕ್ಕ, ಗುಂಡು ಹಾರುತ್ತಿರುವ ವರ್ಷದಲ್ಲೇ ಸರಿಹೋಗುವುದೆಂದರೆ ಅದು ಎಂಥ ಪವಾಡ, ಸ್ವಾಮಿ? ತಮ್ಮ ಹಿಂದೆ ಸಾಲುಗಟ್ಟಿ ಬಂದ ಹೊಸ ಕಾರುಗಳು, ತಮ್ಮ ಕೊರಳು ಮುಚ್ಚಿಹೋಗುವಷ್ಟು ಬಿದ್ದ ಸುಗಂಧರಾಜದ ಹಾರಗಳು, ಇವೂ ಸರಿದೂಗುವ ಬಾಬತ್ತಿನಲ್ಲೇ ಸೇರುತ್ತವೆಯೋ? ಆವತ್ತು ಯಾರೂ ಕೇಳಲಿಲ್ಲ. ದೇಶ ಯುದ್ಧದಲ್ಲಿರುವಾಗ ಮಂತ್ರಿಯನ್ನು ಪ್ರಶ್ನೆ ಕೇಳಿದರೆ ಪಕ್ಕದವನೇ ಗುರಾಯಿಸಿ ನೋಡುತ್ತಾನೆ. ತಮಗೆ ಅದು ಚೆನ್ನಾಗಿ ಗೊತ್ತು.

ಈಗ ಆ ಹುಡುಗಿಯ ವಿಷಯ. ಹುಸೇನಪ್ಪ, ಯಂಕಮ್ಮ ಎಂಬ ಗಂಡಹೆಂಡಿರು ಸಿಂಧನೂರಿನ ಕಡೆಯಿಂದ ಬಂದು ನನ್ನ ವಠಾರದ ಕೋಣೆಯಲ್ಲಿ ಬಹಳ ಕಾಲದಿಂದ ಇದ್ದಾರೆ. ಇಂದಿರಾನಗರದ ದೊಡ್ಡ ಮನೆಗಳಿಗೆ ಗಾರೆ ಕಲಸಿ, ಇಟ್ಟಿಗೆ ಹೊತ್ತವರು. ಮಗಳು ಉಮಾಶ್ರೀಯನ್ನು ತಮ್ಮ ಕಡೆಯ ಈರೇಶ ಎಂಬ ಸೈನ್ಯದ ಹುಡುಗನಿಗೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಆ ಹುಡುಗಿಯ ತವರು ಎಂದರೆ ನನ್ನ ವಠಾರದ ಆ ಒಂದು ಕೋಣೆ. ಅತ್ತೆಮನೆಯವರು ಊರಲ್ಲೇ ಮಾಡೋಣ ಎಂದರೂ ಯಂಕಮ್ಮ ಹಟ ಹಿಡಿದು ಮಗಳನ್ನು ಇಲ್ಲಿಗೆ ಕರೆಸಿಕೊಂಡಳು. ಅದಕ್ಕೆ ಕಾರಣವಿದೆ. ಅವಳ ಮೊದಲ ಮಗು ಊರಿನಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡಿತ್ತು.

“ನಮ್ಮೂರಾಗ ದವಾಖಾನಿ ಅಂದ್ರ ಅಷ್ಟು ದೂರ ಐತ್ರೀ ಯಜಮಾನ್ರೇ,” ಎಂದು ಅವಳು ನನ್ನ ಹೆಂಡತಿ ಪಟಾಲಮ್ಮನ ಎದುರಿಗೆ ನನಗೆ ಹೇಳಿದ್ದಳು. “ಇಲ್ಲಿ ಬಾಗಿಲು ತೆಗದ್ರ ದವಾಖಾನಿ. ನನ್ನ ಮಗಳಿಗೆ ದಾರ‍್ಯಾಗ ಆಗಬಾರದು, ಅಷ್ಟ.”

ಇದರಲ್ಲಿ ಅತಿಯಾಸೆ ಏನಾದರೂ ಕಾಣುತ್ತದೆಯೇ ತಮಗೆ?

ಹೋದ ತಿಂಗಳು ಒಂದು ಬೆಳಿಗ್ಗೆ ಆಸ್ಪತ್ರೆಯ ಮುಂದೆ ಲಾರಿ ಬಂದು ನಿಂತಿತು. ಕೂಲಿಯವರು ಒಳಗಿನಿಂದ ಕಬ್ಬಿಣದ ಮಂಚಗಳು, ಹಾಸಿಗೆಗಳು, ಸ್ಟೂಲುಗಳನ್ನು ತಂದು ಹೇರತೊಡಗಿದರು. ತಾವು ನಮ್ಮ ಕಡೆ ವಾಸ ಮಾಡಿದವರಲ್ಲವಾದ್ದರಿಂದ ಒಂದು ಮಾತು ಹೇಳಬೇಕು. ಹಲಸೂರಿನವರು ಹುಟ್ಟಿದಾಗಿನಿಂದ ಮಿಲಿಟರಿ ಲಾರಿ ನೋಡಿಕೊಂಡು ಬೆಳೆದವರು. ಬೆಳಗಿನ ಬ್ಯೂಗಲ್ ಕೇಳಿ ಒಲೆ ಹಚ್ಚಿದ ಮನೆಗಳು ನಮ್ಮವು. ಈ ಯುದ್ಧ ಶುರುವಾದ ಮೇಲಂತೂ ಸಾಮಾನು ಹೇರಿಕೊಂಡು ದಂಡಿನ ರೈಲ್ವೆ ಸ್ಟೇಷನ್ನಿನ ಕಡೆ ಹೊರಟ ಪ್ರತಿ ಲಾರಿಗೂ ನಮ್ಮ ಹೆಂಗಸರು ಆರತಿ ಎತ್ತಿ ಕಳಿಸಿದ್ದಾರೆ. ಹಾಗಾಗಿ ನಾನು ಹೋಗಿ ಒಬ್ಬ ಕೂಲಿಯವನನ್ನು ಎಲ್ಲಿಗಪ್ಪಾ ಎಂದು ಕೇಳಿದಾಗ ಅವನು ಹೇಳಿದ್ದು ನನಗೆ ಸರಿಯಾಗಿಯೇ ಕಂಡಿತು.

“ಮೇಲಿಂದ ಆರ್ಡರ್ ಬಂದೈತೆ ಸಾರ್. ಯುದ್ಧ ಅಲ್ವಾ, ಎಲ್ಲಾ ತಗೊಂಡ್ಹೋಗ್ತಾ ಇದ್ದೀವಿ.”

ಗಾಯಾಳು ಜವಾನರಿಗೆ ಮಂಚ ಸಾಲದೆ ನಮ್ಮ ಆಸ್ಪತ್ರೆಯದನ್ನು ಒಯ್ಯುತ್ತಿದ್ದಾರೆ ಎಂದುಕೊಂಡೆ. ಬೀದಿಯೆಲ್ಲ ಹಾಗೆಯೇ ಅಂದುಕೊಂಡಿತು. ಪಟಾಲಮ್ಮ ಬಾಗಿಲಿಗೆ ಬಂದವಳು ನನ್ನನ್ನೇ ಗದರಿದಳು.

“ನೋಡ್ತಾ ನಿಂತಿದ್ದೀರಲ್ಲ, ಒಳಗೋಗಿ ಕುಂಬಳಕಾಯಿ ತಗೊಂಬನ್ರಿ. ಯುದ್ಧಕ್ಕೆ ಹೋಗೋದನ್ನ ಹಂಗೇ ಕಳಿಸ್ತಾರಾ?”

ಬೂದುಗುಂಬಳ ಬಂತು, ಆರತಿ ತಟ್ಟೆ ಬಂತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಗುಡಿಯಿಂದ ಚೆಂಡುಹೂವಿನ ಹಾರ ತಂದು ಮಂಚದ ಕಾಲಿಗೆ ಕಟ್ಟಿದೆವು. ಉಮಾಶ್ರೀ ಆ ಹೊಟ್ಟೆ ಹೊತ್ತುಕೊಂಡು ಬೀದಿ ದಾಟಿ ಬಂದಳು. ಇನ್ನೂ ಹೇರದೆ ಕೆಳಗಿದ್ದ ಮಂಚವೊಂದನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು. ನಾನು ಬೇಡವೆಂದೆ.

“ಗಾಯ ಆದವ್ರು ಇದರ ಮ್ಯಾಲ ಮಲಗ್ತಾರಂದ್ರ ಒರಸಿ ಕಳಸ್ಬೇಕಲ್ರೀ ಯಜಮಾನ್ರೇ,” ಅಂದಳು. “ಭಾಳ ಧೂಳ ಐತಿ.”

ಹಾಗಾದರೆ ನೀನೆಲ್ಲಿ ಹೆರುತ್ತೀಯಮ್ಮ ಎಂದು ಪಟಾಲಮ್ಮ ಕೇಳಿದ್ದಕ್ಕೆ, ಸರ್ಕಾರದವರು ಬೇರೆ ಮಂಚ ತರಿಸುತ್ತಾರೆ, ನಾಳೆಯೋ ನಾಡಿದ್ದೋ ಬರುತ್ತವೆ ಎಂದು ನಾನೇ ಮುಂದಾಗಿ ಧೈರ್ಯ ಹೇಳಿದೆ. ತಮ್ಮ ಭಾಷಣ ಇನ್ನೂ ಕಿವಿಯಲ್ಲಿತ್ತು. ಜನಸಾಮಾನ್ಯರಿಗೆ ಕಿಂಚಿತ್ತೂ ತೊಂದರೆಯಿಲ್ಲ ಎಂದಿದ್ದಿರಲ್ಲ.

ಬೇರೆ ಮಂಚ ಬರಲಿಲ್ಲ, ಬೀಗ ಬಂತು. ಆಸ್ಪತ್ರೆಯ ಆಯಾ ಶರ್ಫುನ್ನೀಸಾ ತನ್ನ ಉಳಿದ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಾಗ ನಮ್ಮ ಜಗಲಿಯ ಮೇಲೆ ಕೂತು ವಿಷಯ ಹೇಳಿದಳು.

“ಕ್ಯಾ ಬೋಲೂಂ ಅಣ್ಣಾ. ಜವಾನ್ರಿಗೂ ಇಲ್ಲ, ಗಿವಾನ್ರಿಗೂ ಇಲ್ಲ. ಕೆ.ಆರ್. ಪುರಂ ಹತ್ರ ಗೋಡೌನಲ್ಲಿ ಹಾಕವ್ರೆ, ಹರಾಜಂತೆ. ನಂದೂ ಟ್ರಾನ್ಸ್‌ಫರ್ ಮಾಡ್ಬಿಟ್ರು. ನೀವು ಅವತ್ತು ಆರತಿ ಎತ್ತೋದು ನೋಡಿ ನಂಗೆ ಬಾಯೇ ಬರ್ಲಿಲ್ಲ.”

ನಾನು ನಂಬಲಿಲ್ಲ. ಬಸ್ಸು ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಗೋಡೌನಿನ ಹಿಂದಿನ ಬಯಲಲ್ಲಿ, ಸೂರು ಸಹ ಇಲ್ಲದ ಕಡೆ, ಮಂಚಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನಾವು ಕಟ್ಟಿದ ಚೆಂಡುಹೂವಿನ ಹಾರ ಒಂದು ಮಂಚದ ಕಾಲಿನಲ್ಲಿ ಕೊಳೆತು ಕಪ್ಪಾಗಿ ಅಂಟಿಕೊಂಡಿತ್ತು. ನಾಚಿಕೆಯಾಯಿತು, ಮಂತ್ರಿಗಳೇ. ನಮ್ಮ ಹೆರಿಗೆ ಆಸ್ಪತ್ರೆಯನ್ನು ಕಿತ್ತುಕೊಂಡು ಹೋಗುತ್ತಿದ್ದವರಿಗೆ ದೃಷ್ಟಿ ತೆಗೆದು ಕಳಿಸಿಕೊಟ್ಟ ಜನ ಈ ಭೂಮಿಯ ಮೇಲೆ ನಾವೇ ಇರಬೇಕು. ಕಳ್ಳರು ಕೂಡ ಇಂಥ ಮರ್ಯಾದೆ ಬಯಸುವುದಿಲ್ಲ.

ಅಲ್ಲಿಂದ ನೇರ ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಸಭ್ಯಸ್ಥ, ಕುರ್ಚಿ ಕೊಟ್ಟ, ಸಮಾಧಾನವಾಗಿಯೇ ವಿವರಿಸಿದ.

“ನೋಡಿ ಸಾರ್, ಸ್ಟಾಫ್ ಖರ್ಚು ಉಳೀತು. ಹರಾಜಿನ ದುಡ್ಡು ಆದಾಯಕ್ಕೆ ಬರುತ್ತೆ. ಬಿಲ್ಡಿಂಗ್ ಬಾಡಿಗೆಗೆ ಹೋಗುತ್ತೆ. ಮೇಲೆ ಲೆಕ್ಕ ಸರಿಹೋಗ್ಬೇಕಲ್ಲ.”

“ಹೆರಿಗೆ?” ಎಂದೆ.

“ಶಿವಾಜಿನಗರದಲ್ಲಿ ದೊಡ್ಡಾಸ್ಪತ್ರೆ ಇದೆಯಲ್ಲ, ಆಟೋದಲ್ಲಿ ಹೋದ್ರಾಯ್ತು.”

ಹಲಸೂರಿನ ಬಜಾರು ಬೀದಿ ದಾಟಿ ಸಂಜೆಯ ಹೊತ್ತು ಶಿವಾಜಿನಗರ ಮುಟ್ಟುವುದೆಂದರೆ ಏನೆಂದು ಆತನಿಗೂ ಗೊತ್ತಿತ್ತು. ನಾನು ಬಿಡಲಿಲ್ಲ, ದನಿ ಏರಿತು ಎಂದೇ ಇಟ್ಟುಕೊಳ್ಳಿ. ಆಗ ಆತ ತಮ್ಮ ಭಾಷಣದಿಂದಲೇ ಕಲಿತಂತಿದ್ದ ಮಾತೊಂದನ್ನು ಎಸೆದ.

“ಗಡೀಲಿ ಜವಾನ್ರು ಪ್ರಾಣ ಕೊಡ್ತಾ ಇದ್ದಾರೆ. ನಿಮಗೆ ಮಂಚದ ಚಿಂತೆನಾ ಯಜಮಾನ್ರೆ?”

ಸುತ್ತ ಇದ್ದವರೆಲ್ಲ ನನ್ನನ್ನು ದೇಶದ್ರೋಹಿಯ ಹಾಗೆ ನೋಡಿದರು. ಅಲ್ಲಿಂದ ಎದ್ದು ಬಂದೆ. ಉತ್ತರವನ್ನು ಇಲ್ಲಿ ಕೊಡುತ್ತೇನೆ. ಹೌದು ಸ್ವಾಮಿ, ನನಗೆ ಮಂಚದ ಚಿಂತೆ. ಆ ಮಂಚದ ಮೇಲೆ ಮಲಗಬೇಕಾಗಿದ್ದದ್ದು ಅದೇ ಜವಾನನ ಹೆಂಡತಿ. ಅವನು ಅಲ್ಲಿ ಬೆಟ್ಟದ ಮೇಲೆ ಕಾಯುತ್ತಿರುವುದು ಏನನ್ನು ಎಂದುಕೊಂಡಿದ್ದೀರಿ? ತಮ್ಮ ಸರಿದೂಗಿದ ಲೆಕ್ಕವನ್ನೇ?

ಯುದ್ಧಕ್ಕೆ ಖರ್ಚಾಗುತ್ತದೆ ಎಂಬುದು ನಮಗೆ ತಿಳಿಯದ ವಿಷಯವಲ್ಲ. ಅರವತ್ತೆರಡರ ಚೀನಾ ಯುದ್ಧದಲ್ಲಿ ನಮ್ಮವ್ವ ಕಿವಿಯ ಓಲೆ ಬಿಚ್ಚಿ ಕೊಟ್ಟಿದ್ದನ್ನು ನಾನು ಕಣ್ಣಾರೆ ಕಂಡವನು. ಮುಂದೆಯೂ ಕೊಡಿ ಎಂದು ಕೇಳಿದಾಗಲೆಲ್ಲ ಕೊಟ್ಟಿದ್ದೇವೆ, ಅಕ್ಕಿ ಸಾಲದಾಗ ಮುದ್ದೆಯಲ್ಲೇ ಎರಡು ಹೊತ್ತು ಕಳೆದಿದ್ದೇವೆ. ಆಗಿನವರು ಕೇಳಿಯಾದರೂ ಪಡೆದರು. ತಾವೂ ಹಾಗೆಯೇ ಬಂದು, ಈ ವರ್ಷ ಕೈ ಬಿಗಿಯಾಗಿದೆ, ಸಾಲ ಮಾಡುತ್ತೇನೆ, ನಾಲ್ಕು ವರ್ಷ ಕೂಡಿ ತೀರಿಸೋಣ ಎಂದಿದ್ದರೆ ಜೋಗುಪಾಳ್ಯದಲ್ಲಿ ಒಬ್ಬನೂ ತಕರಾರು ಎತ್ತುತ್ತಿರಲಿಲ್ಲ. ಬಾಡಿಗೆ ಎಣಿಸಿಕೊಳ್ಳುವ ನನ್ನಂಥವನ ಮೇಲೆ ತೆರಿಗೆ ಹಾಕಿದ್ದರೆ ಒಂದು ವಾರ ಗೊಣಗಿ ಕಟ್ಟುತ್ತಿದ್ದೆ. ತಮಗೆ ಅದು ಬೇಕಾಗಿಲ್ಲ. ಗೊಣಗುವ ಶಕ್ತಿಯಿದ್ದವರಿಂದ ತೆಗೆದುಕೊಂಡರೆ ಓಟು ಕಡಿಮೆಯಾಗುತ್ತದೆ. ಬಸುರಿಯರಿಂದ ತೆಗೆದುಕೊಂಡರೆ ಸದ್ದೇ ಇಲ್ಲ. ಅದರ ಮೇಲೆ ಬಾವುಟ ಹೊದಿಸಿದರೆ ಕೇಳಿದವನೇ ಅಪರಾಧಿ. ಇದನ್ನು ಹಣಕಾಸು ಶಿಸ್ತು ಎಂದು ಪತ್ರಿಕೆಗಳು ಬರೆಯುತ್ತವೆ, ತಾವು ಕತ್ತರಿಸಿ ಇಟ್ಟುಕೊಳ್ಳುತ್ತೀರಿ. ನಮ್ಮಲ್ಲಿ ಇದಕ್ಕೆ ಹೇಡಿತನ ಎನ್ನುತ್ತಾರೆ.

ಮೊನ್ನೆ ಭಾನುವಾರ ಈರೇಶನ ಫೋನು ಬಂತು. ವಠಾರಕ್ಕೆಲ್ಲ ಇರುವುದು ನಮ್ಮ ಮನೆಯ ಒಂದೇ ಫೋನು, ಬಾಡಿಗೆದಾರರ ಕರೆಗಳೂ ಅದಕ್ಕೇ ಬರುತ್ತವೆ. ಬಹಳ ದಿನಗಳಿಂದ ಸುದ್ದಿಯಿರಲಿಲ್ಲವಾಗಿ ಯಂಕಮ್ಮ, ಹುಸೇನಪ್ಪ ಇಬ್ಬರೂ ಮಗಳ ಹಿಂದೆಯೇ ಓಡಿ ಬಂದರು. ಗಾಳಿಯ ಸದ್ದಿನ ನಡುವೆ ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ಅವನು ಏನು ಕೇಳಿದನೆಂದು ಉಮಾಶ್ರೀಯ ಉತ್ತರದಿಂದಲೇ ಗೊತ್ತಾಯಿತು.

“ಹೂಂರೀ, ಇಲ್ಲೇ ಎದುರಿಗೇ. ಬಾಗಿಲು ತೆಗದ್ರ ದವಾಖಾನಿ. ಹೆಸರು ಬರಸೀನಿ, ನರ್ಸಮ್ಮಾರು ದಿನಾ ಬಂದು ನೋಡಿ ಹೋಗ್ತಾರ. ಮಂಚ ಗಿಂಚ ಎಲ್ಲಾ ಹೊಸವು ಬಂದಾವ. ನನ್ನ ಚಿಂತಿ ಬ್ಯಾಡ, ನೀವು ನಿಮ್ಮ ಜೀವ ನೋಡ್ಕೊಳ್ರೀ.”

ಲೈನು ಕಟ್ಟಾಯಿತು. ಅವಳು ರಿಸೀವರ್ ಹಿಡಿದುಕೊಂಡೇ ನಿಂತಿದ್ದಳು. ಗಂಡನಿಗೆ ಯಾಕೆ ಸುಳ್ಳು ಹೇಳಿದೆ ಎಂದು ಯಂಕಮ್ಮ ಅಳುತ್ತಲೇ ಕೇಳಿದಳು.

“ಅಲ್ಲಿ ಇದನ್ನ ತಲ್ಯಾಗ ಇಟ್ಕೊಂಡು ನಿಂತ್ರ ಹೆಂಗ ಯವ್ವಾ,” ಎಂದಳು ಆ ಹುಡುಗಿ. ನಾನು ಅಲ್ಲಿ ಕೂರಲಾರದೆ ಎದ್ದು ಹೊರಗೆ ಹೋದೆ.

ಮಾನ್ಯರೇ, ಈಗ ನನ್ನ ಬೇಡಿಕೆ. ಹರಾಜು ನಿಲ್ಲಿಸಿ. ಬೀಗ ತೆಗೆಸಿ. ಆ ಮಂಚಗಳನ್ನು ತೊಳೆಸಿ ಕಳಿಸಿ, ನರ್ಸಮ್ಮನನ್ನೂ ಶರ್ಫುನ್ನೀಸಾಳನ್ನೂ ವಾಪಸು ಕಳಿಸಿ. ಇದೆಲ್ಲ ಶ್ರಾವಣ ಹುಟ್ಟುವುದರೊಳಗೆ ಆಗಬೇಕು, ಏಕೆಂದರೆ ಕೂಸು ತಮ್ಮ ಮುಂದಿನ ಅಧಿವೇಶನದ ತನಕ ಕಾಯುವುದಿಲ್ಲ. ಇದರಿಂದ ಲೆಕ್ಕದಲ್ಲಿ ಖೋತಾ ಬಿದ್ದರೆ ಬೀಳಲಿ. ತಾವು ವೇದಿಕೆಯ ಮೇಲೆ ಆಡಿದ ಮಾತನ್ನು ಉಳಿಸಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ, ಅದು ಸುಳ್ಳಾದರೆ ಯಾರಿಗೂ ಏನೂ ಆಗುವುದಿಲ್ಲ, ನಮಗೆ ಅಭ್ಯಾಸವಿದೆ. ಉಮಾಶ್ರೀ ಫೋನಿನಲ್ಲಿ ಗಂಡನಿಗೆ ಹೇಳಿದ ಮಾತನ್ನು ನಿಜ ಮಾಡಿ.

ಇಂತಿ,
ಅವನು ಮತ್ತೆ ಫೋನು ಮಾಡಿದರೆ ಏನು ಹೇಳುವುದೆಂದು ತಿಳಿಯದೆ ಕುಳಿತಿರುವ
ಮುನಿಆಂಜನಪ್ಪ
ಜೋಗುಪಾಳ್ಯ, ಹಲಸೂರು
ಜುಲೈ ೧೯೯೯