ನೀವು ಸೇರಿಸಿದ ಆ ಸಾಲು

ಶ್ರೀರಂಗಪಟ್ಟಣ
ನವೆಂಬರ್ 1999

ನಮ್ಮ ನೀರಾವರಿ ಕಚೇರಿಯ ವೆಬ್‌ಸೈಟಿಗೆ ಕದ್ದು ಕೈಹಾಕಿದ ಮಹಾಶಯರಿಗೆ, ಪ್ರಮೀಳಾ ಮಾಡುವ ನಮಸ್ಕಾರ.

ನಿಮ್ಮ ಹೆಸರು ಗೊತ್ತಿಲ್ಲ. ಗಂಡೋ ಹೆಣ್ಣೋ, ಅದೂ ಗೊತ್ತಿಲ್ಲ. ಆ ವೆಬ್‌ಸೈಟ್ ನೋಡಿಕೊಳ್ಳುವವಳು ನಾನೇ ಆದ್ದರಿಂದ ಮೊದಲು ಸಿಟ್ಟು ನೆತ್ತಿಗೇರಿತ್ತು. ಈಗ ಉಳಿದಿರುವುದು ಕುತೂಹಲ ಮಾತ್ರ.

ಪಾಸ್‌ವರ್ಡ್ ಹೇಗೆ ಸಿಕ್ಕಿತೆಂದು ಪತ್ತೆ ಮಾಡಿದ್ದೇನೆ. ಆಯುಧಪೂಜೆಯ ದಿನ ನಮ್ಮ ಹಿರಿಯ ಗುಮಾಸ್ತರು ಶಿವಲಿಂಗಯ್ಯನವರು ಬೀಗದ ಕೈಗಳನ್ನೆಲ್ಲ ದೇವರ ಮುಂದಿಟ್ಟರು. "ಪಾಸ್‌ವರ್ಡೂ ಬೀಗದ ಕೈಯೇ ಅಲ್ವೇನವ್ವ? ಅದ್ಕೂ ಪೂಜೆ ಆಗ್ಲಿ ಬುಡು" ಅಂತ ಅದನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಅರಿಶಿನ ಕುಂಕುಮ ಹಚ್ಚಿ ಕಂಪ್ಯೂಟರಿಗೆ ಒರಗಿಸಿಯೇ ಬಿಟ್ಟರು. ಕಡ್ಲೆಪುರಿಗೆ ಅರ್ಧ ಊರೇ ಬಂದಿತ್ತು. ನೀವೂ ನನ್ನ ಕೈಯಿಂದಲೇ ಪುರಿ ಇಸಿದುಕೊಂಡಿರಬೇಕು.

ಆದರೆ ಒಳಗೆ ನುಗ್ಗಿ ಮಾಡಿದ್ದೇನು? ನಾಲೆ ನೀರಿನ ಸರದಿ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದಿರಿ: ಬೋರನಕೊಪ್ಪಲು, ಮಂಗಳವಾರ. ಕಳ್ಳ ಬಂದು ಒಡವೆ ಇಟ್ಟು ಹೋದ ಹಾಗೆ! ಪಾಂಡವಪುರದ ಗೊಬ್ಬರದಂಗಡಿ ದೇವರಾಜು ಎಂದಿನಂತೆ ಆ ಪುಟವನ್ನು ಅಚ್ಚು ತೆಗೆದು ಬಾಗಿಲಿಗೆ ಅಂಟಿಸಿದರು. ಕಂಪ್ಯೂಟರಿನಲ್ಲಿ ಬಂದದ್ದು ಸುಳ್ಳಾಗುತ್ತದೆಯೇ? ನೀರುಗಂಟಿ ಚಿಕ್ಕಮಾದಯ್ಯ ಅದನ್ನು ನೋಡಿ ತೂಬು ಎತ್ತಿ ಆ ಊರಿಗೆ ನೀರು ಬಿಟ್ಟ.

ವಿಷಯ ತಿಳಿದೊಡನೆ ನಾನು ಆ ಸಾಲು ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ. ಆದರೂ ಮನಸ್ಸು ತಡೆಯಲಿಲ್ಲ. ಆ ಊರು ಹೇಗಿದೆ ನೋಡೋಣವೆಂದು ಭಾನುವಾರ ಬಸ್ಸು ಹತ್ತಿದೆ. ನಾಲೆಯ ಕಟ್ಟಕಡೆಯ ಊರು. ಭತ್ತ ತೆನೆ ಕಟ್ಟುವ ಹೊತ್ತಿನಲ್ಲಿ ಗದ್ದೆ ಬಿರುಕು ಬಿಟ್ಟಿತ್ತು. ಬದುವಿನ ಮೇಲೆ ಕೂತಿದ್ದ ದ್ಯಾವಮ್ಮ ಎಂಬುವರು, "ಒಂದ್ಸಲ ಬಂತು ಕಣವ್ವ ನೀರು. ಆಮೇಲೆ ನಿಂತೋಯ್ತು. ಯಾರ್ ನಿಲ್ಸುದ್ರೋ ಕಾಣೆ" ಅಂದರು. ನಿಲ್ಲಿಸಿದವಳು ಅವರ ಎದುರಿಗೇ ನಿಂತಿದ್ದೆ.

ಮರುದಿನದಿಂದ ಎಂಜಿನಿಯರ್ ಸಾಹೇಬರ ಬೆನ್ನು ಬಿದ್ದೆ. ಅವರು ಹೋಗಿ ನೋಡಿ, ಊರು ಸರದಿಯಿಂದ ಬಿಟ್ಟುಹೋಗಿದ್ದು ನಿಜವೆಂದು ಒಪ್ಪಿ ರುಜು ಹಾಕಿದರು. ತೆನೆ ಜೊಳ್ಳಾಗುವ ಮೊದಲೇ ಗದ್ದೆಗೆ ನೀರು ತಲುಪಿತು.

ನೀವು ಆ ಊರಿನವರೇ? ತಂಗಿಯನ್ನೋ ಮಗಳನ್ನೋ ಅಲ್ಲಿಗೆ ಕೊಟ್ಟವರೇ? ನೇರವಾಗಿ ಬಂದು ನಮ್ಮನ್ನೇ ಕೇಳಬಾರದಿತ್ತೇ? ಅಥವಾ ಕೇಳಿ ಕೇಳಿ ಸಾಕಾಗಿತ್ತೇ?

ಬರುವ ಆಯುಧಪೂಜೆಗೆ ಬನ್ನಿ, ಪುರಿ ಎತ್ತಿಟ್ಟಿರುತ್ತೇನೆ. ಪಾಸ್‌ವರ್ಡ್ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನೀವು ಕದ್ದು ಬರೆದ ಆ ಸಾಲನ್ನು ಈಗ ನಾನೇ ಮತ್ತೆ ಸೇರಿಸಿದ್ದೇನೆ. ಇನ್ನು ಅದನ್ನು ಯಾರೂ, ನೀವೂ ಸಹ, ಮುಟ್ಟದ ಹಾಗೆ ಕಾಯುತ್ತೇನೆ.

ನಿಮ್ಮ ಗದ್ದೆ ಎಲ್ಲಿದ್ದರೂ ತೆನೆ ತುಂಬಿ ಬಾಗಲಿ.

ಇಂತಿ,
ಪ್ರಮೀಳಾ