ಅರ್ಧ ಗಂಟೆಗೆಂದು ಒಯ್ದ ದೋಣಿ

ಮಾನ್ಯ ನೆರೆ ಪರಿಹಾರಾಧಿಕಾರಿಗಳೇ,

ಕಳೆದ ಮಳೆಗಾಲದ ನೆರೆಯ ಬಗ್ಗೆ ತಮ್ಮ ಕಚೇರಿ ಹೊರತಂದಿರುವ ಅಂತಿಮ ವರದಿಯಲ್ಲಿ, ನಮ್ಮೂರಿನ ಸಾಲಿನಲ್ಲಿ, 'ಪ್ರಾಣಹಾನಿ' ಎಂಬ ಕಾಲಮ್ಮಿನ ಕೆಳಗೆ 'ಇಲ್ಲ' ಎಂದು ಬರೆದಿದೆ. ಅದು ಸುಳ್ಳು. ನಮ್ಮೂರಲ್ಲಿ ಮೂವರು ಸತ್ತಿದ್ದಾರೆ. ಒಬ್ಬ ಹಿಟ್ಟಿನ ಗಿರಣಿಯವನು, ಇನ್ನೊಬ್ಬಳು ಅವನ ಹೆಂಡತಿ, ಮೂರನೆಯವಳು ಅರ್ಧ ಊರನ್ನು ಈ ಲೋಕಕ್ಕೆ ತಂದ ನಮ್ಮ ಸೂಲಗಿತ್ತಿ ಅಜ್ಜಿ. ಅವರನ್ನು ಕೊಂದದ್ದು ನೀರು ಎಂದು ಕೆಲವು ದಿನ ನಾನೂ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ನೀರಿಗೆ ತನ್ನ ದಾರಿ ಬಿಟ್ಟರೆ ಬೇರೆ ಉದ್ದೇಶವಿರಲಿಲ್ಲ. ಉದ್ದೇಶಗಳಿದ್ದದ್ದು ನಮಗೆ.

ನನ್ನ ಮುಖ ತಮಗೆ ನೆನಪಿರಲಾರದು, ಕೈಬರಹದ ಪರಿಚಯವಂತೂ ಇದ್ದೇ ಇರುತ್ತದೆ. ತಮ್ಮ ಕಚೇರಿಯ ಗೇಟಿನ ಎಡಕ್ಕೆ, ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ, ಒಂದು ಕಾಲಿಗೆ ಇಟ್ಟಿಗೆ ಒತ್ತುಕೊಟ್ಟ ಮೇಜು ಹಾಕಿಕೊಂಡು ಹತ್ತೊಂಬತ್ತು ವರ್ಷಗಳಿಂದ ಜನರಿಗೆ ಅರ್ಜಿ ಬರೆದುಕೊಡುವವನು ನಾನು. 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ಎಷ್ಟು ಸಾವಿರ ಸಲ ಬರೆದಿದ್ದೇನೋ ದೇವರಿಗೇ ಗೊತ್ತು. ಇಷ್ಟು ವರ್ಷಗಳಲ್ಲಿ ಎಂಟು ಅಧಿಕಾರಿಗಳು ಬಂದುಹೋದರು, ಅವಗಾಹನೆ ಮಾತ್ರ ಇನ್ನೂ ಬಂದಿಲ್ಲ.

ನನಗೊಬ್ಬ ತಮ್ಮನಿದ್ದಾನೆ. ನಡೆಯುವ ಮೊದಲೇ ಈಜು ಕಲಿತವನೆಂದು ಊರವರು ಅವನನ್ನು 'ಬಾತು' ಎಂದು ಕರೆಯುತ್ತಾರೆ. ನಡಿಗೆಯೂ ಹಾಗೇ ಇದೆ ಅನ್ನಿ. ಹೊಳೆ ದಾಟಿಸುವುದು ಅವನ ಕಸುಬು. ಅವನ ದೋಣಿಗೆ ಏಳು ಜನ ಹಿಡಿಸುತ್ತಾರೆ. ಪ್ರತಿ ಬೇಸಿಗೆಯಲ್ಲೂ ತಾನೇ ಟಾರು ಬಳಿದು, ಹುಟ್ಟುಗಳನ್ನು ತಾನೇ ಕೆತ್ತಿ, ಹೆಂಡತಿಗಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳುತ್ತಾನೆಂದು ನನ್ನ ನಾದಿನಿಯ ದೂರಿತ್ತು. ಸೂಲಗಿತ್ತಿ ಅಜ್ಜಿ ದೋಣಿ ಹತ್ತಿದಾಗಲೆಲ್ಲ, "ನಿಂಗೂ ಹುಟ್ಟೇ ಕಸುಬು, ನಂಗೂ ಹುಟ್ಟೇ ಕಸುಬು. ಒಂದೇ ಕಸುಬಿನೋರ ಹತ್ರ ಕಾಸು ಕೇಳಬಾರ್ದು ಕಣೋ" ಎಂದು ನಗುತ್ತ ಬಿಟ್ಟಿ ಪ್ರಯಾಣ ಮಾಡುತ್ತಿದ್ದಳು.

ಎರಡು ದಿನ ಮಳೆ ಸುರಿದ ಮೇಲೆ, ಮೂರನೆಯ ಬೆಳಿಗ್ಗೆ ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರು. ಅದರ ಎಚ್ಚರಿಕೆಯ ಸಂದೇಶ ನಮ್ಮ ಫೋನುಗಳಿಗೆ ಬಂದದ್ದು ನಾಲ್ಕನೆಯ ದಿನ. 'ತಗ್ಗು ಪ್ರದೇಶದ ನಿವಾಸಿಗಳು ಕೂಡಲೇ ಎತ್ತರದ ಸ್ಥಳಕ್ಕೆ ತೆರಳುವುದು' ಎಂದಿತ್ತು. ಅದನ್ನು ಓದುವಾಗ ನಾವೆಲ್ಲ ಎತ್ತರದ ಸ್ಥಳದಲ್ಲೇ ಇದ್ದೆವು. ಆದ್ದರಿಂದ ಆದೇಶ ಪಾಲನೆಯಾಗಿದೆಯೆಂದು ತಾವು ಬರೆದುಕೊಳ್ಳಲು ಅಡ್ಡಿಯಿಲ್ಲ. ಮೂರನೆಯ ದಿನ ಬೆಳಿಗ್ಗೆ, ನೀರು ಹೊಸ್ತಿಲು ದಾಟುತ್ತಿದ್ದಾಗ, ತಮ್ಮ ಸಹಾಯವಾಣಿಗೆ ಫೋನು ಮಾಡಿದವನು ನಾನೇ. ಆ ಕಡೆಯವನು ಕೇಳಿದ: "ನಿಮ್ಮೂರಿಗೆ ರಸ್ತೆ ಇದೆಯಾ?"

"ಇತ್ತು. ಈಗ ನೀರೊಳಗಿದೆ."

"ಹಾಗಾದ್ರೆ ದೋಣಿ ಬರಲ್ಲ ಸಾರ್. ರಸ್ತೆ ಇರೋ ಊರಿಗೆ ಲಾರಿ ಕಳಿಸ್ತಾರೆ."

ಲಾರಿಯೂ ಬರಲಿಲ್ಲ. ಬಂದದ್ದು ಬಾತು. ಮೊದಲ ಸುತ್ತಿನಲ್ಲೇ ನನ್ನನ್ನೂ ನನ್ನ ಹೆಂಡತಿ ಮಕ್ಕಳನ್ನೂ ದಿಣ್ಣೆಯ ಮೇಲಿನ ಹೆದ್ದಾರಿಗೆ ತಂದು ಇಳಿಸಿದ. ಆಮೇಲೆ ಮನೆಯಿಂದ ಮನೆಗೆ, ಕಿಟಕಿಯಿಂದ ಕಿಟಕಿಗೆ ಹೋಗಿ, ಮಧ್ಯಾಹ್ನದೊಳಗೆ ಹನ್ನೊಂದು ಸುತ್ತಿನಲ್ಲಿ ಅರವತ್ತೆಂಟು ಜನರನ್ನು ದಾಟಿಸಿದ. ಅಂಗೈಯ ಚರ್ಮ ಕಿತ್ತು ಹುಟ್ಟಿನ ಹಿಡಿಗೆ ಅಂಟಿತ್ತು. ಕೊನೆಗೆ ಉಳಿದದ್ದು ಗಿರಣಿಯ ತಾರಸಿಯ ಮೇಲಿದ್ದ ಎಂಟು ಜನ. ಸೆಳವು ಜೋರಾಗಿದ್ದರಿಂದ ಐವರಿಗಿಂತ ಹೆಚ್ಚು ಜನರನ್ನು ಹತ್ತಿಸುವುದು ಅಪಾಯವಾಗಿತ್ತು. ಗಿರಣಿಯವನ ಹೆಂಡತಿಗೆ ನೀರೆಂದರೆ ಪ್ರಾಣಭಯ, ಕೊನೆಗೆ ಹತ್ತುತ್ತೇನೆಂದು ಕಂಬ ತಬ್ಬಿಕೊಂಡು ಕುಳಿತಳು. ಹೆಂಡತಿಯನ್ನು ಬಿಟ್ಟು ಗಿರಣಿಯವನು ಕದಲಲಿಲ್ಲ. ನಾಲ್ವರು ಹತ್ತಿದ ಮೇಲೆ ಉಳಿದ ಒಂದು ಜಾಗಕ್ಕೆ ಇಬ್ಬರಿದ್ದರು: ದಿನ ತುಂಬಿದ ದರ್ಜಿಯ ಸೊಸೆ ಮತ್ತು ಸೂಲಗಿತ್ತಿ ಅಜ್ಜಿ.

"ನೀನೂ ಹತ್ತು ಅಜ್ಜಿ, ಹೇಗೋ ಆಗುತ್ತೆ" ಎಂದ ಬಾತು.

"ಬಸುರಿ ಅಂದ್ರೆ ಎರಡು ಜೀವ ಕಣೋ. ನಾನು ಮೂರನೇದು ಹತ್ತಿ ಎಲ್ರನ್ನೂ ಮುಳುಗಿಸ್ಲಾ?" ಎಂದು ಅಜ್ಜಿ ಆ ಹುಡುಗಿಯನ್ನು ಸೊಂಟ ಹಿಡಿದು ದೋಣಿಗೆ ಇಳಿಸಿದಳಂತೆ. ಆಮೇಲೆ ಬಾತುವಿಗೆ ಹೇಳಿದಳಂತೆ: "ನೀನು ಹುಟ್ಟೋವಾಗ ನಿನ್ ತಲೆ ಕಾಣೋಕೆ ಹತ್ತು ಗಂಟೆ ಕಾಯ್ಸಿದ್ದೀಯ. ನಿನಗೋಸ್ಕರ ನಾನು ಇಪ್ಪತ್ತು ನಿಮಿಷ ಕಾಯಲ್ವಾ? ಹೋಗ್ಬಾ."

"ಬಂದೇಬಿಟ್ಟೆ ಅಜ್ಜಿ."

ಈ ಮಾತುಗಳನ್ನು ನನಗೆ ಹೇಳಿದ್ದು ದರ್ಜಿಯ ಸೊಸೆ. ಬಾತು ಇದುವರೆಗೆ ಹೇಳಿಲ್ಲ.

ಬಾತು ಹೆದ್ದಾರಿಗೆ ಬಂದು ಐವರನ್ನು ಇಳಿಸುವಾಗ ಅಲ್ಲಿ ಎರಡು ಜೀಪುಗಳು ನಿಂತಿದ್ದವು. ತಮ್ಮ ಕಚೇರಿಯ ಯಂತ್ರದ ದೋಣಿಯೂ ಗಾಡಿಯ ಮೇಲಿತ್ತು. ಅದರ ಮೇಲೆ 'ತುರ್ತು' ಎಂಬ ಪದ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಯಂತ್ರದ ಹಗ್ಗವನ್ನು ಮೂವರು ಎಳೆದೆಳೆದು ಸುಸ್ತಾಗಿದ್ದರು, ಯಂತ್ರ ಒಂದು ಸಲ ಕೆಮ್ಮಿ ಸುಮ್ಮನಾಗಿತ್ತು. ತಾವು ಅಲ್ಲಿದ್ದಿರಿ. ಜೀಪಿನಿಂದ ಇಳಿಯುವಾಗ ಕೆಸರು ನೋಡಿ ಹಿಂಜರಿದಿರಿ, ಯಾರೋ ಓಡಿಬಂದು ಹಲಗೆ ಹಾಕಿದರು. ತಮ್ಮ ಮೇಲಿನವರೊಬ್ಬರು ಪರಿಶೀಲನೆಗೆ ಬಂದಿದ್ದರು. ಜೊತೆಗೆ ಕ್ಯಾಮೆರಾದವನು, ಕ್ಯಾಮೆರಾದವನಿಗೆ ಕೊಡೆ ಹಿಡಿಯುವವನು. ತಮ್ಮ ಸಿಬ್ಬಂದಿಯವರೊಬ್ಬರು ಬಾತುವಿನ ಬಳಿ ಬಂದರು.

"ನಿಂದೇನಪ್ಪಾ ದೋಣಿ? ಅರ್ಧ ಗಂಟೆ ಬೇಕಾಗಿದೆ."

"ಸಾರ್, ಗಿರಣಿ ಮೇಲೆ ಮೂರು ಜನ ಇದಾರೆ. ಅವ್ರನ್ನ ತಂದುಬಿಡ್ತೀನಿ. ಆಮೇಲೆ ಇಡೀ ದಿನ ನೀವೇ ಇಟ್ಕೊಳ್ಳಿ."

"ಪರಿಶೀಲನೆ ಆದ್ರೆ ತಾನೇ ಪರಿಹಾರ? ನಿಮ್ಮೂರಿಗೆ ಒಳ್ಳೇದಾಗೋದು ಬೇಡ್ವಾ ನಿಂಗೆ?"

ಬಾತು ದೋಣಿಯ ಹಗ್ಗ ಬಿಡಲಿಲ್ಲ. ಆಗ ಗುಂಪಿನಿಂದ ಒಬ್ಬ ಮುಂದೆ ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, "ಕೊಡೋ, ದೊಡ್ಡವರು ಕೇಳ್ತಿದಾರೆ. ಅರ್ಧ ಗಂಟೆ ತಾನೇ, ಗಿರಣಿ ಏನು ಓಡಿಹೋಗುತ್ತಾ?" ಎಂದ. ಅಣ್ಣನ ಮಾತಿಗೆ ಎಂದೂ ಎದುರಾಡದ ತಮ್ಮ ಹಗ್ಗ ಬಿಟ್ಟ. ಹೌದು ಮಾನ್ಯರೇ, ಆ ಒಬ್ಬ ನಾನು. ಕೆಸರಿನ ಮೇಲೆ ಹಲಗೆ ಹಾಕಿದವನೂ ನಾನೇ. ತಮ್ಮ ಗೇಟಿನೆದುರು ಹತ್ತೊಂಬತ್ತು ವರ್ಷ ಕುಳಿತವನ ಬೆನ್ನುಮೂಳೆ ಹೇಗಿರುತ್ತದೆಂದು ತಮಗೆ ಗೊತ್ತೇ ಇದೆ. ಅಧಿಕಾರಿಗಳ ಎದುರಿಗೆ ನನ್ನ ಊರಿನವನ ಹಟ ನನಗೆ ಅವಮಾನವೆನಿಸಿತು. ಸಿಬ್ಬಂದಿಯವರು ರಸೀದಿ ಕೊಡಲು ಪೆನ್ನು ಹುಡುಕುತ್ತಿದ್ದಾಗ, ನನ್ನ ಅಕ್ಷರ ಚೆನ್ನಾಗಿದೆಯೆಂಬ ಹೆಮ್ಮೆಯಿಂದ ನಾನೇ ಬರೆದೆ: 'ದೋಣಿ ಒಂದು, ಹುಟ್ಟು ಎರಡು, ಸುಸ್ಥಿತಿಯಲ್ಲಿ ಪಡೆಯಲಾಗಿದೆ.' ಕೆಳಗೆ ಸಿಬ್ಬಂದಿಯವರ ಸಹಿ.

ನಮ್ಮ ಭಾಷೆಯೂ ಎಂಥ ಜಾಣೆ ನೋಡಿ. 'ತಮ್ಮನ ದೋಣಿ' ಎಂಬಲ್ಲಿ ಒಂದಕ್ಷರ ತೆಗೆದರೆ 'ತಮ್ಮ ದೋಣಿ' ಆಗುತ್ತದೆ. ಅಂದು ಅಲ್ಲಿ ಆದದ್ದು ಅಷ್ಟೇ.

ತೂಕ ಹೆಚ್ಚಾಗುತ್ತದೆಂದು ಬಾತುವನ್ನು ದಂಡೆಯಲ್ಲೇ ಬಿಟ್ಟು, ತಮ್ಮ ಸಿಬ್ಬಂದಿಯ ಕೈಗೆ ಹುಟ್ಟು ಕೊಟ್ಟು, ಗಿರಣಿಯ ದಿಕ್ಕಿಗಲ್ಲ, ನೀರು ನಿಂತು ಕೆರೆಯಂತಾಗಿದ್ದ ಹೊಲಗಳ ಕಡೆಗೆ ಹೋದಿರಿ. ಅಲ್ಲಿ ಸೆಳವಿರಲಿಲ್ಲ, ಚಿತ್ರ ಚೆನ್ನಾಗಿ ಬರುತ್ತಿತ್ತು. ಮರಗಳ ಸಾಲು ಅಡ್ಡವಿದ್ದುದರಿಂದ ಗಿರಣಿ ನಮಗೆ ಕಾಣುತ್ತಿರಲಿಲ್ಲ. ಆದರೆ ಕೇಳುತ್ತಿತ್ತು. ತಾರಸಿಯ ಮೇಲೆ ಯಾರೋ ತಗಡಿನ ಡಬ್ಬ ಬಡಿಯುತ್ತಿದ್ದರು. ಅರ್ಧ ಗಂಟೆ ಕಳೆಯಿತು. ಬಾತು ಅಂಗಿ ಕಳಚಿ ನೀರಿಗಿಳಿದ. ಆ ಸೆಳವಿಗೆ ಬಾತೂ ಇಲ್ಲ, ಮೊಸಳೆಯೂ ಇಲ್ಲ. ನಾಲ್ವರು ಸೇರಿ ಅವನನ್ನು ಎಳೆದು ತಂದು ಹಿಡಿದು ಕೂರಿಸಿದೆವು. ಅವನು ಬೈಯಲಿಲ್ಲ, ಅಳಲಿಲ್ಲ. ಡಬ್ಬದ ಸದ್ದಿಗೆ ಕಿವಿಕೊಟ್ಟು ಕುಳಿತಿದ್ದ. ಸದ್ದು ನಿಧಾನವಾಯಿತು. ಮತ್ತೆ ಜೋರಾಯಿತು. ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ಹೆದ್ದಾರಿಯ ಮೇಲೆ ಎಪ್ಪತ್ತಕ್ಕಿಂತ ಹೆಚ್ಚು ಜನರಿದ್ದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ತಾವು ಮರಳಿದ್ದು ಎರಡೂಮುಕ್ಕಾಲು ಗಂಟೆಯ ಮೇಲೆ. ಇಳಿಯುವಾಗ ಬಾತುವಿನ ಬೆನ್ನು ತಟ್ಟಿ, "ಒಳ್ಳೇ ದೋಣಿ ಕಣಯ್ಯಾ, ಅಲುಗಾಡಲೇ ಇಲ್ಲ" ಎಂದಿರಿ. ಅವನು ಹುಟ್ಟು ಹಿಡಿದು ಹೋದ. ಒಬ್ಬನೇ ಮರಳಿ ಬಂದ. ಗಿರಣಿ ಕುಸಿದುಹೋಗಿ, ಅದರ ಜಾಗದಲ್ಲಿ ಕಬ್ಬಿಣದ ಚಕ್ರದ ಅಂಚು ಮಾತ್ರ ನೀರಿನ ಮೇಲಿತ್ತಂತೆ.

ಆಮೇಲಿನದು ಪರಿಹಾರದ ಕಥೆ. ಅದನ್ನು ತಾವು ನನಗಿಂತ ಚೆನ್ನಾಗಿ ಹೇಳುತ್ತೀರಿ, ಬಣ್ಣದ ಚಿತ್ರಗಳ ಸಮೇತ. ಶಾಲೆಯ ನಾಲ್ಕು ಕೋಣೆಗಳಲ್ಲಿ ನಾವು ಇಪ್ಪತ್ತಾರು ದಿನ ಇದ್ದೆವು. ಮನೆಗೊಂದು ಬಕೆಟ್ಟು, ಒಂದು ಕಂಬಳಿ, ಒಂದು ಸೊಳ್ಳೆಪರದೆ ಬಂತು. ಪರದೆ ಕಟ್ಟಲು ಗೋಡೆ ಯಾವುದೆಂದು ಕೇಳಿದ್ದಕ್ಕೆ, ಗೋಡೆ ಬೇರೆ ಇಲಾಖೆಗೆ ಸೇರಿದ್ದು ಎಂದರು. ದರ್ಜಿಯ ಸೊಸೆ ಐದನೆಯ ಕೋಣೆಯಾಗಿದ್ದ ಉಗ್ರಾಣದಲ್ಲಿ, ನಕಾಶೆಗಳ ಸುರುಳಿಗಳ ನಡುವೆ, ಎರಡು ಬೆಂಚು ಜೋಡಿಸಿ ಹೆತ್ತಳು. ಹೆರಿಗೆ ಗೊತ್ತಿದ್ದ ಒಬ್ಬಳೂ ಊರಲ್ಲಿ ಉಳಿದಿರಲಿಲ್ಲ. ನನ್ನ ಹೆಂಡತಿ ಮತ್ತು ಆ ಹುಡುಗಿಯ ಅತ್ತೆ, ಸೂಲಗಿತ್ತಿ ಅಜ್ಜಿ ಹಾಗೆ ಮಾಡುತ್ತಿದ್ದಳು, ಹೀಗೆ ಮಾಡುತ್ತಿದ್ದಳು ಎಂದು ನೆನಪಿಸಿಕೊಳ್ಳುತ್ತ ಮಗುವನ್ನು ಹೊರತಂದರು. ಮಗು ಬದುಕಿತು. ತಾಯಿ ಮೂರು ದಿನ ಜ್ವರದಲ್ಲಿ ಒದ್ದಾಡಿ ಬದುಕಿದಳು. ಇಡೀ ನೆರೆಯಲ್ಲಿ ನಮಗೆ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ, ಅದರಲ್ಲಿ ಕಚೇರಿಯ ಪಾತ್ರ ಏನೂ ಇರಲಿಲ್ಲ.

ಊರವರೆಲ್ಲರ ಹಾನಿಯ ಅರ್ಜಿಗಳನ್ನು ನಾನೇ ತುಂಬಿದೆ. ಸತ್ತ ಮೂವರ ಅರ್ಜಿಗಳನ್ನು ತಮ್ಮ ಗುಮಾಸ್ತರು ಹಿಂದಕ್ಕೆ ತಳ್ಳಿದರು.

"ಶವ ಇಲ್ದೆ ಸಾವು ಹೇಗೆ ಬರ್ಕೊಳ್ಳೋದು? 'ಗೈರುಹಾಜರು' ಅಂತ ಹಾಕಿದೀನಿ."

"ಅವ್ರು ಶಾಲೆಗೆ ಚಕ್ಕರ್ ಹೊಡೆದಿದಾರಾ ಸಾರ್?" ಎಂದೆ. ಗುಮಾಸ್ತರು ನಕ್ಕರು. ಒಳ್ಳೆಯ ಮನುಷ್ಯ, ನನ್ನ ಮೇಜಿನ ಬಳಿ ನಿಂತು ದಿನವೂ ಮಾತಾಡಿಸುವವರು. ನಕ್ಕು, ಹಾಗೇ ಬರೆದುಕೊಂಡರು.

ಒಂಬತ್ತನೆಯ ದಿನ, ಹೊಳೆಯ ಕೆಳಗಿನ ಒಂದು ಊರಿನಲ್ಲಿ ಅಜ್ಜಿಯ ದೇಹ ಸಿಕ್ಕಿತು. ನಮಗೆ ಸುದ್ದಿ ಮುಟ್ಟುವ ಮೊದಲೇ 'ಅಪರಿಚಿತ ಮಹಿಳೆ' ಎಂದು ಹೂತುಬಿಟ್ಟಿದ್ದರು. ಅವರು ಎತ್ತಿಟ್ಟಿದ್ದ ಬಟ್ಟೆಯ ತುಂಡು, ಕೈಯ ಹಿತ್ತಾಳೆ ಬಳೆ ನೋಡಿ ಗುರುತಿಸಿದವನು ಬಾತು. ಅಪರಿಚಿತಳಂತೆ! ಅವಳು ಮೊದಲು ಮುಟ್ಟದ ತಲೆ ನಮ್ಮೂರಿನಲ್ಲಿ ಎಷ್ಟಿದ್ದಾವು? ಶವ ಸಿಕ್ಕಿತಲ್ಲ, ಇನ್ನಾದರೂ ಬರೆದುಕೊಳ್ಳಿ ಎಂದು ಅರ್ಜಿ ಕೊಟ್ಟೆ. ತಮ್ಮ ಕಚೇರಿಯ ಹಿಂಬರಹ ಬಂತು: 'ಶವ ದೊರೆತ ಸ್ಥಳವು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ.' ಆ ಊರಿನ ಕಚೇರಿಗೆ ಹೋದೆ. ಅಲ್ಲಿನ ಹಿಂಬರಹ: 'ಮೃತರು ಈ ವ್ಯಾಪ್ತಿಯ ನಿವಾಸಿಯಲ್ಲ.' ವ್ಯಾಪ್ತಿ ಮೀರಿ ತೇಲಬಾರದೆಂದು ಆ ಮುದುಕಿಗೆ ಯಾರೂ ಹೇಳಿರಲಿಲ್ಲ, ಮಾನ್ಯರೇ. ಹೇಳಿದ್ದರೆ ಬೇಲಿಯನ್ನೋ ಮರವನ್ನೋ ಹಿಡಿದು ಗಡಿಯೊಳಗೇ ನಿಲ್ಲುತ್ತಿದ್ದಳೇನೋ.

ಎರಡು ತಿಂಗಳ ಬಳಿಕ ಬಾತುವಿಗೆ ಒಂದು ಲಕೋಟೆ ಬಂತು. ಅವನಿಗೆ ಓದಲು ಬರುವುದಿಲ್ಲ, ನನ್ನ ಕೈಗೆ ಕೊಟ್ಟ. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು. 'ನೆರೆ ಪರಿಶೀಲನಾ ಕಾರ್ಯಕ್ಕೆ ದೋಣಿ ಒದಗಿಸಿ ಸಹಕರಿಸಿದ್ದಕ್ಕಾಗಿ ಪ್ರಶಂಸಾಪತ್ರ.' ದಾಟಿಸಿದ ಎಪ್ಪತ್ತಮೂರು ಜನರ ಮಾತು ಅದರಲ್ಲಿರಲಿಲ್ಲ. ಸಹಿ ತಮ್ಮದು. ಓದಿ ಹೇಳು ಎಂದ. ಸುಳ್ಳು ಹೇಳೋಣವೆಂದುಕೊಂಡೆ, ಆಗಲಿಲ್ಲ, ಇದ್ದದ್ದನ್ನೇ ಓದಿದೆ.

ಕಾಗದ ವಾಪಸು ತೆಗೆದುಕೊಂಡು ಮಡಚುತ್ತ ಕೇಳಿದ: "ಅಣ್ಣಾ, ನೀನು ಬಂದು ಹೆಗಲ ಮೇಲೆ ಕೈ ಇಡದೆ ಇದ್ದಿದ್ರೆ ನಾನು ಕೊಡ್ತಿದ್ನಾ?"

"ಕೊಡ್ತಿರ್ಲಿಲ್ಲ."

"ಹೂಂ" ಎಂದ. ಅಷ್ಟೇ. ಅಂದಿನಿಂದ ನನ್ನೊಡನೆ ಜಗಳವಿಲ್ಲ, ಮಾತೂ ಇಲ್ಲ. ಎದುರು ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ, ಅಪರಿಚಿತ ಹಿರಿಯರಿಗೆ ಬಿಡುವ ಹಾಗೆ. ದೋಣಿಯನ್ನು ದಂಡೆಯ ಮೇಲೆ ಕವುಚಿ ಹಾಕಿ, ಪಟ್ಟಣದ ಗೋದಾಮಿನಲ್ಲಿ ಮೂಟೆ ಹೊರಲು ಹೋಗುತ್ತಾನೆ. ಈ ಬೇಸಿಗೆಯಲ್ಲಿ ಟಾರು ಬಳಿಯಲಿಲ್ಲ. ಹಲಗೆಗಳು ಬಾಯಿ ಬಿಟ್ಟಿವೆ. ಮಳೆಗಾಲಕ್ಕೆ ಇನ್ನು ಐದು ವಾರವಿದೆ. ಅಣೆಕಟ್ಟು ಅಲ್ಲೇ ಇದೆ, ಊರು ಇಲ್ಲೇ ಇದೆ. ತಾವು ತೋರಿಸಿದ ಬದಲಿ ಜಾಗ ಕಲ್ಲುಕ್ವಾರಿಯಾದ್ದರಿಂದ ಜನ ಹಳೆಯ ತಳಪಾಯದ ಮೇಲೇ ಗೋಡೆ ಎಬ್ಬಿಸುತ್ತಿದ್ದಾರೆ. ಈ ಸಲ ಅರ್ಧ ಗಂಟೆಗೆ ಕೇಳಿದರೂ ಕೊಡಲು ನಮ್ಮಲ್ಲಿ ದೋಣಿಯಿಲ್ಲ.

ಇನ್ನು ನನ್ನ ಬೇಡಿಕೆ. ಪರಿಹಾರ ಕೇಳುತ್ತಿಲ್ಲ, ಗಾಬರಿಯಾಗಬೇಡಿ. ಆ ವರದಿ ತಿದ್ದಿ. 'ಇಲ್ಲ' ಎಂಬುದನ್ನು ಹೊಡೆದು 'ಮೂರು' ಎಂದು ಬರೆಯಿರಿ. ಎದುರಿನ ಷರಾ ಕಾಲಮ್ಮಿನಲ್ಲಿ, ರಕ್ಷಣೆಯಲ್ಲಿದ್ದ ದೋಣಿಯನ್ನು ಪರಿಶೀಲನೆಗೆ ಪಡೆದ ಕಾರಣ ಸಾವು ಸಂಭವಿಸಿತು ಎಂದು ಬರೆಯಿರಿ. ಪಡೆದವರು ಯಾರೆಂದು ಬರೆಯಲು ಕೈ ಏಳದಿದ್ದರೆ ಕೊಟ್ಟವನು ಯಾರೆಂದಾದರೂ ಬರೆಯಿರಿ, ನನ್ನ ಹೆಸರು ಹಾಕಿ. ರಸೀದಿ ನನ್ನ ಅಕ್ಷರದಲ್ಲೇ ಇದೆ, ಸಾಕ್ಷಿ ಹುಡುಕುವ ಶ್ರಮವೂ ತಮಗಿಲ್ಲ. ಅದರಿಂದ ಶಿಕ್ಷೆಯಾದರೆ ಆಗಲಿ. ಮೂವರು ಸತ್ತಿದ್ದರೂ ಯಾರೂ ಸತ್ತಿಲ್ಲ, ಯಾರೂ ಕೊಂದಿಲ್ಲ ಎಂಬ ಕಾಗದ ಊರಿನ ಹೆಸರಿನಲ್ಲಿ ಉಳಿಯುವುದು ಬೇಡ.

ಈ ಪತ್ರ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆವಕ ಶಾಖೆಯಲ್ಲಿ ಮುದ್ರೆ ಬೀಳುತ್ತದೆ, ಸಂಖ್ಯೆ ಬೀಳುತ್ತದೆ, ದಾರ ಬೀಳುತ್ತದೆ. ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ, ಓದಿದವರು ಒಂದು ದಿನ ಮರುಗುತ್ತಾರೆ. ಗೊತ್ತಿದ್ದೂ ಬರೆದಿದ್ದೇನೆ, ಯಾಕೆಂದರೆ ನನಗೆ ಬರುವ ಕೆಲಸ ಇದೊಂದೇ.

ಇಂತಿ,
'ತಮ್ಮ ವಿಧೇಯ' ಎಂದು ಊರಿನವರೆಲ್ಲರ ಪರವಾಗಿ ಹತ್ತೊಂಬತ್ತು ವರ್ಷ ಬರೆದು, ಒಂದು ದಿನ ನಿಜವಾಗಿಯೂ ವಿಧೇಯನಾಗಿಬಿಟ್ಟವನು