ವಾಲ್ವಿನೊಳಗಿನ ದಾರ

ನಂಜುಂಡೇಶ್ ಭಾವ,

ನೀವು ಪಿರಿಯಾಪಟ್ಟಣದಿಂದ ತಂದುಕೊಟ್ಟ ಹಳೆಯ ಸೌದೆ ಸೀಳುವ ಮಷೀನನ್ನು ಇವತ್ತು ಕೊಪ್ಪದ ಮೆಕ್ಯಾನಿಕ್ ಬಿಚ್ಚಿದ. ಅದರ ಅಲಗು ದಿಮ್ಮಿಗೆ ಇಳಿದರೆ ಹಿಂದಕ್ಕೆ ಬರುತ್ತಿರಲಿಲ್ಲವಲ್ಲ, ಅಂದಿನಿಂದ ಹಾಗೇ ಬಿದ್ದಿತ್ತು. ಈ ಸಲ ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸಲು ಸೌದೆ ಒಡೆಯುವವರೇ ಸಿಗಲಿಲ್ಲ, ಅದಕ್ಕೇ ಅವನನ್ನು ಕರೆಸಿದೆ.

ಎಣ್ಣೆ ಹಾಯುವ ವಾಲ್ವಿನೊಳಗಿಂದ ಅವನು ಎಳೆದು ತೆಗೆದದ್ದು ದಾರದ ಎಳೆಗಳನ್ನು. ನಾವು ಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರ. ಎಣ್ಣೆ ಸೋರುತ್ತಿದೆ ಎಂದು ಪೈಪಿನ ತಿರುಪಿಗೆ ನಾನೇ ಸುತ್ತಿದ್ದೆ. "ದಾರ ಬ್ಯಾಡ ಕಣೋ, ಒಳಕ್ಕೋಯ್ತದೆ" ಎಂದು ನೀವು ಅವತ್ತೇ ಹೇಳಿದ್ದಿರಿ. ಮಷೀನು ನಿಂತಾಗ, "ಗುಜರಿ ತಂದು ನನ್ ತಲೆಗೆ ಕಟ್ಟುದ್ರಲ್ಲ" ಎಂದು ಸೊಪ್ಪು ಕಟ್ಟುವ ಹೆಂಗಸರೆಲ್ಲರ ಎದುರಿಗೆ ಕೂಗಾಡಿದೆ. ನೀವು ಕೈಗೆ ಮೆತ್ತಿದ್ದ ಎಣ್ಣೆಯನ್ನೂ ತೊಳೆಯದೆ ಅಕ್ಕನನ್ನು ಕರೆದುಕೊಂಡು ಹೊರಟುಹೋದಿರಿ. ಎರಡು ಗೌರಿ ಹಬ್ಬ ಕಳೆದವು, ಅಕ್ಕ ಬಂದಿಲ್ಲ. ತಿರುಗಿ ಒಂದು ಮಾತು ಬೈದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ವಾಲ್ವ್ ತೊಳೆದು ಕೂರಿಸಿದ ಮೇಲೆ ಅಲಗು ಸಲೀಸಾಗಿ ಹಿಂದಕ್ಕೆ ಬಂತು. ಮೆಕ್ಯಾನಿಕ್ ನಕ್ಕು ಕೇಳಿದ: "ಯಾವ ಪುಣ್ಯಾತ್ಮ ಕಣ್ರೀ ಇದಕ್ಕೆ ದಾರ ಸುತ್ತಿದ್ದು?"

ಸೊಪ್ಪು ಕಟ್ಟುತ್ತಿದ್ದ ಅದೇ ಹೆಂಗಸರು ತಲೆ ಎತ್ತಿ ನೋಡಿದರು.

"ನಮ್ ಭಾವ" ಅಂದೆ.